ಕೂತ ಗಾಳಿ

ಜಾವಾದ ಸೊಲೊ ಪಟ್ಟಣದ ಬಾತಿಕ್ ಬಟ್ಟೆಯವರ ಓಣಿಯಲ್ಲಿ ಯಾರ ಹೊಟ್ಟೆ ಕೆಟ್ಟಿದೆ ಎಂಬುದು ಅವರ ಮನೆಯವರಿಗಿಂತ ಮೊದಲು ಪರ್ಜಿಯೆಮ್‌ಗೆ ಗೊತ್ತಾಗುತ್ತಿತ್ತು. ಬೆನ್ನಿಗೆ ಬಿದಿರಿನ ಬುಟ್ಟಿ, ಅದನ್ನು ಭುಜಕ್ಕೆ ಸುತ್ತಿ ಎದೆಯ ಮೇಲೆ ಬಿಗಿದ ಉದ್ದನೆಯ ಬಟ್ಟೆ, ಬುಟ್ಟಿಯಲ್ಲಿ ಎಂಟು ಬಾಟಲಿ ಜಾಮು ಎಂಬ ನಾಟಿ ಕಷಾಯ, ಕೈಯಲ್ಲಿ ಲೋಟ ತೊಳೆಯುವ ನೀರಿನ ಬಕೆಟ್ಟು. ಬೆಳಗ್ಗೆ ಏಳಕ್ಕೆ ಓಣಿಯ ತುದಿಯಲ್ಲಿ ಅವಳು ಕಾಣಿಸಿದರೆ ಸಾಕು, ಒಬ್ಬೊಬ್ಬರೇ ಹೊಟ್ಟೆ ಹಿಡಿದುಕೊಂಡು ಹೊಸ್ತಿಲಿಗೆ ಬರುತ್ತಿದ್ದರು. ಅವಳಿಗಿಂತ ಹಿರಿಯರೂ ಅವಳನ್ನು 'ಯೂ ಪರ್ಜಿ' ಎಂದೇ ಕರೆಯುತ್ತಿದ್ದರು, ಪರ್ಜಿ ಅಕ್ಕ ಎನ್ನುವ ಹಾಗೆ.

ಬೇರೆ ಜಾಮು ಮಾರುವವರು ಕೇಳಿದ್ದನ್ನು ಸುರಿದು ಕೊಟ್ಟು ಮುಂದೆ ಹೋಗುತ್ತಾರೆ. ಪರ್ಜಿಯದು ಆ ಜಾಯಮಾನವಲ್ಲ. ಬುಟ್ಟಿ ಇಳಿಸಿ ಕುಕ್ಕರುಗಾಲಲ್ಲಿ ಕೂತು ವಿಚಾರಣೆ ನಡೆಸುವಳು. ಏನು ತಿಂದೆ, ಎಷ್ಟು ಹೊತ್ತಿಗೆ ತಿಂದೆ, ತಿಂದ ಕೂಡಲೇ ಮಲಗಿದೆಯಾ, ತೇಗು ಹುಳಿಯೋ ಖಾಲಿಯೋ. ಹುಳಿ ತೇಗು ಬಂದವರಿಗೆ ಹುಣಸೆ ಬೆರೆಸಿದ ಅರಿಶಿನವನ್ನು ಅವಳು ಕೊಡುತ್ತಿರಲಿಲ್ಲ, ಉರಿಯುವ ಕಡೆಗೆ ಇನ್ನಷ್ಟು ಹುಳಿ ಯಾಕೆ ಎನ್ನುವಳು. ಅವರಿಗೆ ಬರೀ ಅರಿಶಿನದ ತಿಳಿ, ಎರಡು ದಿನ ಮೆಣಸಿನಕಾಯಿ ಬಂದ್. ಹೊಟ್ಟೆ ಉಬ್ಬರಿಸಿದವರಿಗೆ ತಾಳೆಬೆಲ್ಲ ಹಾಕಿ ಕುದಿಸಿದ ಶುಂಠಿ. ಹಸಿವೇ ಸತ್ತವರಿಗೆ ಅಕ್ಕಿ ಮತ್ತು ಕಚ್ಚೋರ ಅರೆದ ಬಿಳಿ ಜಾಮು. ತಪ್ಪು ಮಾಡಿ ಒಪ್ಪಿಕೊಳ್ಳದವರಿಗೆ ಮಾತ್ರ ಅಮೃತಬಳ್ಳಿಯ ಕಹಿ. ಅದು ಮದ್ದಿಗಿಂತ ಹೆಚ್ಚಾಗಿ ಶಿಕ್ಷೆ ಎಂದು ಓಣಿಯವರೆಲ್ಲ ನಂಬಿದ್ದರು, ಅವಳೂ ಅಲ್ಲಗಳೆಯುತ್ತಿರಲಿಲ್ಲ.

ಒಂದು ಕೆಲಸವನ್ನು ಮಾತ್ರ ಅವಳು ಮಾಡುತ್ತಿರಲಿಲ್ಲ. ಮೈಗೆ ಗಾಳಿ ಹೊಕ್ಕಿದೆ ಅಂತ ಅನ್ನಿಸಿದರೆ ಅಲ್ಲಿನವರು ಬೆನ್ನಿಗೆ ಎಣ್ಣೆ ಸವರಿ ನಾಣ್ಯದ ಅಂಚಿನಿಂದ ಗೀರುತ್ತಾರೆ. ಗೆರೆ ಎಷ್ಟು ಕೆಂಪಗೆ ಎದ್ದರೆ ಅಷ್ಟು ಗಾಳಿ ಹೊರಟಿತು ಎಂದು ಲೆಕ್ಕ. ಹಿಂದೆ ಪರ್ಜಿಯ ಕೈಯೆಂದರೆ ಹೆಸರಾದ ಕೈ, ಪಕ್ಕದ ಬೀದಿಯವರೂ ಬೆನ್ನು ಕೊಡಲು ಬರುತ್ತಿದ್ದರು. ಗಂಡ ತುಗಿಮಾನ್ ತೀರಿಕೊಂಡ ಮೇಲೆ ಅವಳು ನಾಣ್ಯ ಮುಟ್ಟಲಿಲ್ಲ. ಕೇಳಿದವರಿಗೆ ಬೆರಳು ನೋಯುತ್ತವೆ ಎನ್ನುತ್ತಿದ್ದಳು. ಬುಟ್ಟಿಗಟ್ಟಲೆ ಶುಂಠಿ ಜಜ್ಜುವ ಬೆರಳು ನಾಣ್ಯ ಹಿಡಿದರೆ ಮಾತ್ರ ಹೇಗೆ ನೋಯುತ್ತವೆ ಎಂದು ಯಾರೂ ಕೇಳಲಿಲ್ಲ, ಹನ್ನೊಂದು ವರ್ಷ.

ಆ ಬೆಳಗ್ಗೆ ಓಣಿಗೆ ಓಣಿಯೇ ಹೊಟ್ಟೆ ಹಿಡಿದುಕೊಂಡಿತ್ತು. ಹಿಂದಿನ ದಿನ ಹಾಜಿಯವರ ಮಗಳ ಮದುವೆ. ಆಡಿನ ಮಾಂಸದ ಸಾರು, ತೆಂಗಿನಹಾಲಲ್ಲಿ ಬೆಂದ ಎಳೆ ಹಲಸು, ಮೇಲೆ ಸಿಹಿ. ಬಟ್ಟೆ ಒಗೆಯುವ ಸಿತಿನಾ ಮೂರು ಸಲ ಬಡಿಸಿಕೊಂಡಿದ್ದನ್ನು ಒಂದೇ ಸಲ ಎಂದು ಸಾಧಿಸಿದಳು. ಪರ್ಜಿ ಕಹಿ ಬಾಟಲಿಯ ಬಿರಡೆಗೆ ಕೈ ಹಾಕಿದಳು.

"ಆಯ್ತು ಯೂ, ಮೂರು" ಅಂದಳು ಸಿತಿನಾ. "ಶುಂಠಿನೇ ಕೊಡು."

"ಸಣ್ಣ ಗುಟುಕು ಕುಡಿ. ಆಮೇಲೆ ಮಸೀದಿ ತನಕ ನಡ್ಕೊಂಡು ಹೋಗಿ ಬಾ. ಸಂಜೆವರೆಗೂ ಗಂಜಿ ಬಿಟ್ಟು ಬೇರೆ ಏನೂ ಮುಟ್ಟಬೇಡ."

ಹೀಗೆ ಶುಂಠಿಯ ಬಾಟಲಿ ತಳ ಕಾಣುವ ಹೊತ್ತಿಗೆ ಅವಳು ಕರ್ಸೊನೊನ ಮನೆಗೆ ಬಂದಳು. ಕರ್ಸೊನೊ ತಾಮ್ರದ ಅಚ್ಚನ್ನು ಬಿಸಿ ಮೇಣದಲ್ಲಿ ಅದ್ದಿ ಬಟ್ಟೆಗೆ ಒತ್ತುವವನು. ಅರವತ್ತು ದಾಟಿದರೂ ತೋಳು ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ. ದಿನಾ ಅವಳ ಜಾಮುವಿಗೆ ಒಂದು ಹೆಸರಿಟ್ಟು ಚುಡಾಯಿಸದೆ ಲೋಟ ಹಿಡಿದವನಲ್ಲ. ಆವತ್ತು ಅವನು ಮೆಟ್ಟಿಲ ಮೇಲೆ ಮುಂದಕ್ಕೆ ಬಾಗಿ ಕೂತಿದ್ದ, ಬಂದವಳನ್ನು ತಲೆಯೆತ್ತಿಯೂ ನೋಡಲಿಲ್ಲ. ಹೆಂಡತಿ ಲಸ್ಮಿ ಎಣ್ಣೆಯ ಬಟ್ಟಲು, ನಾಣ್ಯ ಎರಡನ್ನೂ ತಂದಿಟ್ಟು ಅವನ ಅಂಗಿ ಬಿಚ್ಚಿಸುತ್ತಿದ್ದಳು. ಹೊಟ್ಟೆಯ ಮೇಲ್ಭಾಗ ಕಲ್ಲಾಗಿದೆಯಂತೆ, ತೇಗು ಬಂದರೆ ಹಗುರಾಗುತ್ತದಂತೆ, ಬರುತ್ತಿಲ್ಲವಂತೆ. ಗಾಳಿ ಎದೆಯಲ್ಲಿ ಕೂತುಬಿಟ್ಟಿದೆ, ಬೇಗ ಶುಂಠಿ ಬಗ್ಗಿಸು ಅಂದಳು.

ಪರ್ಜಿ ಬಗ್ಗಿಸಿ ಅವನ ಕೈಗೆ ಕೊಟ್ಟಳು. ಕೊಡುತ್ತಾ ಅಭ್ಯಾಸದಂತೆ ಏನು ತಿಂದೆ ಎಂದು ಕೇಳಿದಳು.

ಊಟಕ್ಕೆ ಹೋಗಿರಲೇ ಇಲ್ಲ ಅಂದ ಕರ್ಸೊನೊ. ಬಟ್ಟೆ ಮುಗಿಸುವ ಅವಸರವಿತ್ತು, ರಾತ್ರಿ ಎರಡು ತುತ್ತು ಅನ್ನ, ಬೆಳಗ್ಗೆ ಬರೀ ಚಹಾ. ಎದ್ದು ಅಚ್ಚು ಎತ್ತಿದಾಗ ಶುರುವಾಯಿತು. ಈಗ ದವಡೆಯೂ ಜೋಮು ಹಿಡಿದ ಹಾಗಿದೆ.

ಪರ್ಜಿ ಅವನ ಹಣೆ ಮುಟ್ಟಿದಳು. ಒದ್ದೆಯಾಗಿತ್ತು, ತಣ್ಣಗಿತ್ತು. ಆ ತಣ್ಣನೆಯ ಬೆವರನ್ನು ಅವಳ ಅಂಗೈ ಮರೆತಿರಲಿಲ್ಲ.

ತುಗಿಮಾನ್ ಕೂಡ ಹೀಗೇ ಕೂತಿದ್ದ. ಅವನೂ ಹೆಚ್ಚು ತಿಂದಿರಲಿಲ್ಲ. ಅವಳು ಶುಂಠಿ ಕುಡಿಸಿ, ಬೆನ್ನಿಗೆ ಎಣ್ಣೆ ಹಚ್ಚಿ ಗೀರಿದ್ದಳು. ಗೆರೆಗಳು ಎಷ್ಟು ಚೆನ್ನಾಗಿ ಎದ್ದಿದ್ದವೆಂದರೆ, ನೋಡು ಎಷ್ಟು ಗಾಳಿ ಇತ್ತು ಅಂತ ಪಕ್ಕದ ಮನೆಯವರನ್ನು ಕರೆದು ತೋರಿಸಿದ್ದಳು. ಹಗುರಾಯಿತು ಎಂದೂ ಹೇಳಿದ್ದ ಪಾಪ. ಮಧ್ಯಾಹ್ನದ ನಮಾಜಿನ ಕರೆ ಕೇಳುವಷ್ಟರಲ್ಲಿ ಹೋಗಿಬಿಟ್ಟಿದ್ದ. ಕೂತ ಗಾಳಿ ಕೊಂಡುಹೋಯಿತು ಎಂದು ಜನ ಸಮಾಧಾನ ಹೇಳಿದರು. ಅದು ಗಾಳಿಯಲ್ಲ, ಹೃದಯ ಎಂದು ತಿಂಗಳಾದ ಮೇಲೆ ಆರೋಗ್ಯ ಕೇಂದ್ರದ ನರ್ಸೊಬ್ಬಳು ಮೆಲ್ಲಗೆ ಹೇಳಿದ್ದನ್ನು ಪರ್ಜಿ ಯಾರ ಕಿವಿಗೂ ಹಾಕಿರಲಿಲ್ಲ.

ಕರ್ಸೊನೊ ಲೋಟವನ್ನು ತುಟಿಗೆ ಇಟ್ಟಿದ್ದ. ಪರ್ಜಿ ಅದನ್ನು ಕಿತ್ತುಕೊಂಡು ಬಕೆಟ್ಟಿಗೆ ಸುರಿದಳು. ಇದು ನನ್ನ ಜಾಮುವಿನ ಕೆಲಸವಲ್ಲ, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಇವನು ಒಂದು ಹೆಜ್ಜೆಯೂ ನಡೆಯಬಾರದು ಅಂದಳು.

ಲಸ್ಮಿಗೆ ಸಿಟ್ಟು ನೆತ್ತಿಗೇರಿತು. "ಊರೋರ್ಗೆಲ್ಲ ಬಗ್ಗಿಸ್ಕೊಂಡು ಬಂದೆ, ನನ್ ಗಂಡನ ಬಾಯಿಂದ ಕಿತ್ಕೋತೀಯಾ? ತೇಗು ಬರ್ಲಿಲ್ಲ ಅಂತ ಯಾರಾದ್ರೂ ಆಸ್ಪತ್ರೆಗೆ ಹೋಗ್ತಾರಾ ಯೂ?" ಎನ್ನುತ್ತಾ ನಾಣ್ಯವನ್ನು ಎಣ್ಣೆಗೆ ಅದ್ದಿದಳು.

ಓಣಿಯವರು ಸೇರತೊಡಗಿದ್ದರು. ಇದು ಬರೀ ಗಾಳಿಯಾಗಿದ್ದರೆ ನಾಳೆಯಿಂದ ತನ್ನ ಬುಟ್ಟಿಯನ್ನು ಯಾರೂ ಮೂಸಿ ನೋಡುವುದಿಲ್ಲ ಎಂಬುದು ಪರ್ಜಿಗೆ ಗೊತ್ತಿತ್ತು. ಅವಳಿಗೆ ಭಯವಾಯಿತು, ಆದರೆ ಅದಕ್ಕಲ್ಲ, ಈಗ ಹೇಳಬೇಕಾಗಿ ಬಂದ ಮಾತಿಗೆ. ಲಸ್ಮಿಯ ಮಣಿಕಟ್ಟು ಹಿಡಿದುಕೊಂಡಳು.

"ಗೀರಬೇಡ. ನಾನೂ ಗೀರಿದ್ದೆ. ಗೆರೆ ಕೆಂಪಗೆ ಎದ್ದಿತ್ತು, ಖುಷಿಪಟ್ಟಿದ್ದೆ. ಆ ಹೊತ್ತಲ್ಲಿ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೆ ತುಗಿಮಾನ್ ಉಳೀತಿದ್ನೋ ಏನೋ. ಅವನಿಗೆ ಇದ್ದಿದ್ದು ಗಾಳಿ ಅಲ್ಲ ಲಸ್ಮಿ."

ಲಸ್ಮಿ ಗಂಡನ ಮುಖ ನೋಡಿದಳು, ಮೊದಲ ಸಲ ನೋಡುವವಳ ಹಾಗೆ ನೋಡಿದಳು. ನಾಣ್ಯ ಬಟ್ಟಲಲ್ಲೇ ಉಳಿಯಿತು. ಬಟ್ಟೆ ಸಾಗಿಸುವ ಗಾಡಿಯವನು ಹಿಂಬದಿಯ ಗಂಟುಗಳನ್ನು ಇಳಿಸಿ ಜಾಗ ಮಾಡಿದ. ನಾಲ್ಕು ಜನ ಒಳಗಿಂದ ಕುರ್ಚಿ ತಂದು ಕರ್ಸೊನೊನನ್ನು ಅದರಲ್ಲಿ ಕೂರಿಸಿ, ಕುರ್ಚಿ ಸಮೇತ ಎತ್ತಿ ಗಾಡಿಗೆ ಏರಿಸಿದರು.

ಹೃದಯದ ನಾಳವೇ ಕಟ್ಟಿಕೊಂಡಿತ್ತು. ಇನ್ನೊಂದು ಗಂಟೆ ತಡವಾಗಿದ್ದರೆ ಏನೂ ಹೇಳುವಂತಿರಲಿಲ್ಲ ಎಂದು ವೈದ್ಯರು ಹೇಳಿದ್ದು ಸಂಜೆಯೊಳಗೆ ಓಣಿಗೆಲ್ಲ ಹಬ್ಬಿತು. ಪರ್ಜಿಯನ್ನು ಎಲ್ಲರೂ ಹೊಗಳಿದರು. ಹೊಗಳಿದಷ್ಟೂ ಅವಳಿಗೆ ಹಿಂಸೆಯಾಯಿತು. ತುಗಿಮಾನ್‌ನ ವಿಷಯ ಈಗ ಎಲ್ಲರಿಗೂ ಗೊತ್ತು, ಯಾರೂ ಎತ್ತುತ್ತಿಲ್ಲ ಅಷ್ಟೇ ಎಂದುಕೊಂಡು ಎರಡು ವಾರ ತಲೆ ತಗ್ಗಿಸಿಕೊಂಡೇ ಓಣಿ ದಾಟಿದಳು.

ಮೂರನೇ ವಾರ ಕರ್ಸೊನೊ ಮೆಟ್ಟಿಲ ಮೇಲೆ ಕೂತಿದ್ದ. ಸೊರಗಿದ್ದ, ಬಾಯಿ ಮಾತ್ರ ಸೊರಗಿರಲಿಲ್ಲ. ಕಹಿಯಾದರೂ ಸರಿ, ಒಂದು ಲೋಟ ಕೊಡು ಅಂದ. ಡಾಕ್ಟರನ್ನು ಕೇಳದೆ ಒಂದು ಹನಿಯೂ ಇಲ್ಲವೆಂದು ಅವಳು ಬರೀ ಬಿಸಿನೀರು ಕೊಟ್ಟಳು. ಅವನು ಕಹಿ ಕುಡಿದವನಂತೆ ಮುಖ ಕಿವುಚಿ, ಇಷ್ಟು ಕೆಟ್ಟ ಜಾಮು ನೀನು ಯಾವತ್ತೂ ಮಾಡಿರಲಿಲ್ಲ ಅಂದ.

ಲೋಟ ತೊಳೆದು ಏಳಬೇಕೆನ್ನುವಾಗ ಲಸ್ಮಿ ಬಂದು ಎದುರು ಕೂತಳು. ಪರ್ಜಿ ಬುಟ್ಟಿಯ ಬಟ್ಟೆ ಸರಿಮಾಡಿಕೊಳ್ಳುತ್ತಾ ಕಣ್ಣು ತಪ್ಪಿಸಿದಳು.

"ಅವತ್ತು ನಾಣ್ಯ ನನ್ ಕೈಲಿತ್ತು" ಅಂದಳು ಲಸ್ಮಿ. "ನನ್ನ ಕೈ ಹಿಡ್ಕೊಳ್ಳೋಕೆ ನೀನಿದ್ದೆ. ನಿನ್ ಕೈ ಹಿಡ್ಕೊಳ್ಳೋಕೆ ಯಾರಿದ್ರು ಯೂ?"

ಪರ್ಜಿ ಬಟ್ಟೆಯ ತುದಿಯಿಂದ ಮುಖ ಮುಚ್ಚಿಕೊಂಡು ಅತ್ತಳು, ತುಗಿಮಾನ್‌ನ ಮಣ್ಣಿನ ದಿನವೂ ಅಳದಷ್ಟು ಅತ್ತಳು. ಓಣಿಯಲ್ಲಿ ಜಾಮುವಿಗೆ ಕಾಯುತ್ತಿದ್ದವರು ಅವತ್ತು ಬಹಳ ಹೊತ್ತು ಕಾದರು. ಆಮೇಲೆ ಲಸ್ಮಿಯೇ ಬುಟ್ಟಿಯನ್ನು ಎತ್ತಿ ಅವಳ ಬೆನ್ನಿಗೆ ಕಟ್ಟಿದಳು.