ಬೋರ್ಡೋಗೆ ಅದ್ದಿದ ಸ್ಟೀಲ್ ಚಾಕು

ಕೊಡ್ಲಿಪೇಟೆ ಕಡೆಗೆ ವರ್ಗವಾಗಿ ಬಂದ ಮೇಲೆ, ಶನಿವಾರ ಮಧ್ಯಾಹ್ನ ಶಾಲೆಯ ಗೇಟು ದಾಟಿದರೆ ಸೋಮವಾರದ ಪ್ರಾರ್ಥನೆಯವರೆಗೆ ನನ್ನ ಬಾಯಿಗೆ ಕೆಲಸವಿರಲಿಲ್ಲ. ಇದ್ದದ್ದು ಪಕ್ಕದ ಮನೆಯ ಅಕ್ಕ ಒಬ್ಬರೇ. ಭಾನುವಾರ ಹತ್ತು ಗಂಟೆಗೆ ಬೇಲಿಯಾಚೆಯಿಂದ "ಟೀಚರೇ, ಕಾಫಿ ಆಗೈತೆ, ಬನ್ನಿ" ಎಂದು ಕೂಗುತ್ತಿದ್ದರು. ಆ ಒಂದು ಕೂಗಿಗಾಗಿ ಒಂಬತ್ತಕ್ಕೇ ತಲೆ ಬಾಚಿ ಕೂರುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆ, ಆದರೆ ನಿಜ.

ಕಳೆದ ಮಳೆಗಾಲಕ್ಕೆ ಮುಂಚೆ ಅಕ್ಕ ಮೆಣಸಿನ ಬಳ್ಳಿಗೆ ಹೊಡೆಸಲು ಬೋರ್ಡೋ ದ್ರಾವಣ ಕಲಸುತ್ತಿದ್ದರು. ಕೊಳೆರೋಗಕ್ಕೆ ಅದೇ ಮದ್ದು. ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ನೀರಿಗೆ ಸುಣ್ಣದ ನೀರು ಕೂಡಿಸಬೇಕು. ಸುಣ್ಣ ಕಡಿಮೆಯಾದರೆ ಎಲೆ ಸುಡುತ್ತದೆ. ಅದನ್ನು ತಿಳಿಯಲು ಕತ್ತಿಯ ಅಲಗು ಅದ್ದಿ ನೋಡುವುದು ಇಲ್ಲಿನವರ ರೂಢಿ. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ.

ನಾನು ಸುಮ್ಮನಿರಬಹುದಿತ್ತು. ಹತ್ತನೇ ತರಗತಿಗೆ ಸ್ಥಾನಪಲ್ಲಟ ಕ್ರಿಯೆ ಪಾಠ ಮಾಡುವವಳು, ಸುಮ್ಮನಿರುತ್ತೇನೆಯೇ? ಕ್ರಿಯಾಶೀಲತೆಯ ಸರಣಿಯಲ್ಲಿ ಕಬ್ಬಿಣ ತಾಮ್ರಕ್ಕಿಂತ ಮೇಲಿದೆ, ಹಾಗಾಗಿ ನೀರಿನಲ್ಲಿ ಕರಗಿದ ತಾಮ್ರವನ್ನು ಹೊರತಳ್ಳಿ ಅದರ ಜಾಗದಲ್ಲಿ ತಾನು ಸೇರುತ್ತದೆ, ಹೊರಬಿದ್ದ ತಾಮ್ರ ಅಲಗಿಗೆ ಅಂಟುತ್ತದೆ ಎಂದು ನಿಂತಲ್ಲೇ ಪಾಠ ಒಪ್ಪಿಸಿದೆ. ಅಕ್ಕ ಕಣ್ಣರಳಿಸಿ ಕೇಳಿದರು. ನಾನು ಉಬ್ಬಿಹೋದೆ. ಅವರ ಕತ್ತಿಗೆ ತುಕ್ಕು ಹಿಡಿದಿತ್ತು. "ಇದ್ರಲ್ಲಿ ಬಣ್ಣ ಗೊತ್ತಾಗಲ್ಲ ಅಕ್ಕ, ತಡೀರಿ" ಎಂದು ನನ್ನ ಅಡುಗೆಮನೆಯಿಂದ ಹೊಳೆಯುವ ಸ್ಟೀಲ್ ಚಾಕು ತಂದು ಅದ್ದಿದೆ. ಒಂದು ಚುಕ್ಕೆ ಕೆಂಪೂ ಇಲ್ಲ. "ಸರಿಯಾಗಿದೆ, ಹೊಡೆಸಿ" ಎಂದೆ.

ವಾರದೊಳಗೆ ಬಳ್ಳಿಯ ಚಿಗುರೆಲ್ಲ ಕರಕಲಾಯಿತು. ಎಲ್ಲಿ ತಪ್ಪಿತೆಂದು ನನಗೂ ತಿಳಿಯಲಿಲ್ಲ. ಅಷ್ಟರಲ್ಲಿ ತರಗತಿಯಲ್ಲಿ ಇದೇ ಪ್ರಯೋಗ ಮಾಡಿಸುವಾಗ ಒಬ್ಬಳು ಹುಡುಗಿ, ಕಬ್ಬಿಣದ ಮೊಳೆಯ ಬದಲು ಊಟದ ಡಬ್ಬಿಯ ಚಮಚ ಅದ್ದಿ, "ಮಿಸ್, ಇದ್ಯಾಕೆ ಕೆಂಪಾಗ್ಲಿಲ್ಲ?" ಎಂದಳು. "ಅದು ಸ್ಟೀಲು, ಅದರಲ್ಲಿ ಕ್ರೋಮಿಯಂ ಇರುತ್ತೆ. ಮೇಲೊಂದು ತೆಳು ಪೊರೆ ಕಟ್ಟಿ ಕಬ್ಬಿಣವನ್ನ ತಡೆಯುತ್ತೆ..." ಎನ್ನುತ್ತಿದ್ದಂತೆ ಅಂದು ಬೋರ್ಡೋಗೆ ಅದ್ದಿದ ನನ್ನ ಚಾಕು ನೆನಪಾಯಿತು. ಇಡೀ ಸರಣಿ ಬಾಯಿಪಾಠವಿದ್ದವಳಿಗೆ ಕೈಯಲ್ಲಿದ್ದ ಚಾಕು ಎಂಥದ್ದೆಂಬ ಯೋಚನೆಯೇ ಬಂದಿರಲಿಲ್ಲ.

ಭಾನುವಾರ ಹೇಳಿಬಿಡಬೇಕೆಂದೇ ಹೋದೆ. ಅಕ್ಕ ಲೋಟ ಕೈಗಿತ್ತು, "ಸುಣ್ಣವೇ ಕಳಪೆ ಟೀಚರೇ. ನಮ್ಮನೆಯವ್ರು ನಿಮ್ಮನ್ನೇ ಅಂದ್ರು, ನಾನು ಬಿಡ್ಲಿಲ್ಲ. ಅಷ್ಟು ಓದಿರೋರು ನೋಡಿ ಹೇಳವ್ರೆ, ತಪ್ಪಾಗುತ್ತಾ ಅಂದೆ" ಎಂದರು. ಈ ಮನೆಯೂ ಹೋದರೆ ನಾನು ಎಲ್ಲಿಗೆ ಹೋಗಲಿ ಎಂದು ಭಯವಾಯಿತು.

"ಇರಬಹುದು ಅಕ್ಕ" ಎಂದೆ.

ಅವರೀಗ ಬೇರೆ ಅಂಗಡಿಯಿಂದ ಸುಣ್ಣ ತರಿಸುತ್ತಾರೆ. ಭಾನುವಾರದ ಕಾಫಿ ತಪ್ಪಿಲ್ಲ. ಅವರ ಮಾತಿಗೆ ಹೂಂಗುಟ್ಟುತ್ತೇನೆ, ನಾನಾಗಿ ಆಡುವುದು ಕಡಿಮೆ. ವಾಪಸ್ ಬಂದು ಬಾಗಿಲು ಹಾಕಿಕೊಂಡ ಮೇಲೆ, "ತಪ್ಪು ನಂದೇ ಅಕ್ಕ" ಎಂದು ಗಟ್ಟಿಯಾಗಿ ಹೇಳುತ್ತೇನೆ. ಕೇಳುವವರು ಯಾರೂ ಇರುವುದಿಲ್ಲ.