ತಿಕ್ಕಿ ತೊಳೆದ ಸಾಕ್ಷಿ

ಪುಣೆಯ ಕುಂಬಾರ ಓಣಿಯಲ್ಲಿ ನನ್ನ ಹೆಂಡತಿ ಒಂದು ಗಡಿಗೆ ಕೊಳ್ಳಬೇಕಾದರೆ ಇಪ್ಪತ್ತನ್ನು ಬೆರಳಿನಿಂದ ಬಾರಿಸಿ ನೋಡುತ್ತಾಳೆ. ಪಕ್ಕದಲ್ಲಿ ಕೊಡೆ ಹಿಡಿದು ನಿಂತ ನಾನು, ಸಂಗೀತದ ಗಂಧವಿಲ್ಲದ ಶ್ರೋತೃವಿನಂತೆ ಬೆವರು ಒರೆಸಿಕೊಳ್ಳುತ್ತೇನೆ. ಆದರೂ ಈ ವಾದನವನ್ನು ಹಗುರವಾಗಿ ಕಾಣುವ ಅಧಿಕಾರ ನನಗಿಲ್ಲ. ನಾನು ರೈಲ್ವೆ ಕಚೇರಿಯಲ್ಲಿ ಹಳಿ ತಪ್ಪಿದ ಗಾಡಿಗಳ ವಿಚಾರಣೆ ಬರೆದುಕೊಳ್ಳುವ ಗುಮಾಸ್ತ.

ಪುಣೆಗೆ ವರ್ಗವಾಗುವ ಮೊದಲು ನಾನು ನಮ್ಮ ಕನ್ನಡ ಸೀಮೆಯ ಕಚೇರಿಯಲ್ಲಿದ್ದಾಗ, ಒಂದು ವರ್ಷ ನವರಾತ್ರಿಗೆ ಮುಂಚೆ ಹಳಿ ಮುರಿದು ಗೂಡ್ಸ್ ಗಾಡಿಯೊಂದು ನೆಲಕ್ಕಿಳಿಯಿತು. ಪುಣ್ಯಕ್ಕೆ ಪೆಟ್ಟಾದದ್ದು ಬೆಲ್ಲದ ಪೆಂಟೆಗಳಿಗೆ. ತಪ್ಪು ಮಾತ್ರ ಬಾಳಪ್ಪನ ತಲೆಗೆ ಬಂತು. ದಿನಾ ಬೆಳಿಗ್ಗೆ ಸುತ್ತಿಗೆಯಿಂದ ಹಳಿ ಬಾರಿಸಿ, ದನಿಯಲ್ಲಿ ಬಿರುಕು ಹುಡುಕುತ್ತ ನಡೆಯುವುದು ಅವನ ಕೆಲಸ. ಅಂದು ಬಾರಿಸಲಿಲ್ಲವೆಂದು ಆರೋಪ. ಸಾಬೀತಾದರೆ ನೌಕರಿ ಹೋಗುತ್ತಿತ್ತು.

"ಬಾರಿಸೇನ್ರಿ. ದನಿ ಚಲೋ ಇತ್ತು," ಇಷ್ಟೇ ಅವನ ಹೇಳಿಕೆ.

ಉಳಿದ ಸಾಕ್ಷಿ ಹಳಿಯೇ. ಕಬ್ಬಿಣದೊಳಗೆ ಹಳೆಯ ಬಿರುಕಿದ್ದರೆ ಮುರಿದ ಮುಖದಲ್ಲಿ ಕಪ್ಪು ಕಲೆ ಇರುತ್ತದೆ. ಅಂಥ ಒಳಬಿರುಕು ಹೊರಗಿನಿಂದ ಕಣ್ಣಿಗೂ ಕಾಣದು, ಸುತ್ತಿಗೆಗೂ ಸಿಗದು; ಕಲೆ ಕಂಡರೆ ತಪ್ಪು ಬಾಳಪ್ಪನದಲ್ಲ. ಅದಕ್ಕೇ ಮುರಿದ ತುದಿಯೊಂದನ್ನು ಮೊಳದುದ್ದ ಕತ್ತರಿಸಿ ಉಗ್ರಾಣಕ್ಕೆ ತರಿಸಿದ್ದೆವು. ಪರೀಕ್ಷೆಗೆಂದು ಸಾಹೇಬರು ಬಂದ ದಿನ ನೋಡಿದರೆ ತುಂಡು ಬೆಳ್ಳಿಯ ತಟ್ಟೆಯಂತೆ ಹೊಳೆಯುತ್ತಿದೆ. ಕಲೆಯಿರಬೇಕಾದ ಜಾಗದಲ್ಲಿ ಕುಂಕುಮದ ಬೊಟ್ಟು.

"ಮೊನ್ನೆ ಖಂಡೇನವಮಿ, ಆಯುಧಪೂಜಿ ಅಲ್ರಿ?" ಎಂದರು ಉಗ್ರಾಣದ ರಾಘಣ್ಣನವರು, ಪರಮ ಶಾಂತರಾಗಿ. "ಎಲ್ಲಾ ಕಬ್ಬಿಣಾ ಅರದಿಂದ ಉಜ್ಜಿ, ಹುಣಸಿಹಣ್ಣು ಹಚ್ಚಿ ತಿಕ್ಕಿಸಿದ್ವಿ. ಇದನ್ನೊಂದ ಹೊಲಸ ಬಿಟ್ರ ಸಾಹೇಬ್ರು ಏನಂದಾರು?"

ಸಾಹೇಬರು ಅಂದದ್ದನ್ನು ನಾನು ಕಡತದಲ್ಲಿ ಬರೆಯಲಿಲ್ಲ. ಬಾಳಪ್ಪನ ವಜಾ ಕಾಗದ ಬರೆಯಲು ಅಪ್ಪಣೆಯಾಯಿತು. ಬರೆಯುತ್ತ ಬರೆಯುತ್ತ ಸಂಕಟಕ್ಕೆ ಅವನನ್ನೇ ಕೇಳಿದೆ: "ಹಳಿ ಮುರದ್ರ ತುದಿ ಎರಡಾಗ್ತಾವಲ್ಲೋ, ಇನ್ನೊಂದು ಎಲ್ಲದ?"

"ನಮ್ಮ ಸ್ಟೇಷನ್ನಿನ್ಯಾಗ ಗಂಟಿ ಮಾಡಿ ತೂಗಹಾಕ್ಯಾರ್ರಿ. ದಿನಾ ಬಾರಸ್ತಾರ."

"ಮದಲ ಯಾಕ ಹೇಳಲಿಲ್ಲಪಾ?"

"ಯಾರೂ ಕೇಳಲಿಲ್ರಿ."

ನೀವೇ ಹೇಳಿ, ಯಾರ ಮೇಲೆ ಸಿಟ್ಟಾಗಬೇಕು? ನಾಲ್ಕು ದಿನ ಅವನನ್ನು ನಿಲ್ಲಿಸಿಕೊಂಡು, ಅಜ್ಜನ ಹೆಸರಿನಿಂದ ಹಿಡಿದು ಸುತ್ತಿಗೆಯ ತೂಕದವರೆಗೆ ಸಕಲವನ್ನೂ ಪ್ರಶ್ನಿಸಿದ ಮಹಾನುಭಾವ ನಾನೇ.

ಗಂಟೆ ಇಳಿಸಿ ತಂದರು. ತುಕ್ಕು ಹಿಡಿದ ಮುಖದ ನಡುವೆ ಹುಣಸೆ ಬೀಜದಷ್ಟು ಕಪ್ಪು ಕಲೆ. ವಜಾ ಕಾಗದ ಹರಿದು ಹಾಕಿದರು; ಬಾಳಪ್ಪ ಸುತ್ತಿಗೆ ಹೊತ್ತು ಹೋದ. ಹೋಗುವಾಗ, "ನಮಗ ಬ್ಯಾರೆ ಗಂಟಿ ಕೊಡಸ್ರಿ," ಎಂದ.

ಈಗಲೂ ಕುಂಬಾರ ಓಣಿಯಲ್ಲಿ ಕೊಡೆ ಹಿಡಿದೇ ನಿಲ್ಲುತ್ತೇನೆ. ಹೆಂಡತಿ ಬಾರಿಸಿ, ಆರಿಸಿ ಮುಗಿಸಿದ ಮೇಲೆ ಕುಂಬಾರಗಿತ್ತಿಯನ್ನು ನನ್ನ ಹರಕು ಮರಾಠಿಯಲ್ಲಿ ವಿಚಾರಿಸುತ್ತೇನೆ, ಇದರ ಬಗ್ಗೆ ನಾವು ಕೇಳದೆ ಬಿಟ್ಟದ್ದು ಏನಾದರೂ ಉಂಟೇ ಎಂದು. ಹೋದ ಸಲ ಆಕೆ ನನ್ನನ್ನು ಒಮ್ಮೆ ದಿಟ್ಟಿಸಿ, ಆರಿಸಿದ್ದ ಗಡಿಗೆಯನ್ನು ಸುಮ್ಮನೆ ಹಿಂದಕ್ಕಿಟ್ಟು ಬೇರೆಯದನ್ನು ಕೊಟ್ಟಳು.