ಚಿಕ್ಕಬೋರಮ್ಮ ಪೂಜೆ ಮಾಡಿದ ಲ್ಯಾಪ್‌ಟಾಪ್

ದೇವಲಾಪುರದ ಚಿಕ್ಕಬೋರಮ್ಮನವರನ್ನು ಮೊದಲ ಸಲ ನೋಡಿದಾಗ ನನಗೆ ಬಂದದ್ದು ಸಿಟ್ಟು. ಶ್ರೀರಂಗಪಟ್ಟಣದ ಪೇಟೆ ಬೀದಿಯಲ್ಲಿ ನನ್ನ ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇದೆ. ಆಕೆ ಒಳಗೆ ಬಂದವರೇ ಸ್ಟೂಲಿನ ಮೇಲೆ ಕೂರುವ ಮುಂಚೆ ನನ್ನ ಮೇಜನ್ನು ನೋಡಿ, "ಏನ್ ಸಾಬ್ರೆ, ಅನ್ನ ಕೊಡೋ ಜಾಗದಲ್ಲಿ ಇಷ್ಟೊಂದು ಧೂಳು ಮಡಗಿದ್ದೀರಲ್ಲ" ಎಂದರು.

"ಧೂಳು ಗಿರಾಕಿಗಳು ತರೋದು ಕಣವ್ವ" ಎಂದೆ. ಆಕೆ ನಗಲಿಲ್ಲ. ತಮ್ಮ ಸೆರಗಿನಿಂದಲೇ ಮೇಜಿನ ಒಂದು ಮೂಲೆ ಒರೆಸಿ, ಅಲ್ಲಿಗೆ ಮಾತ್ರ ಸೊಸೆಯ ಲ್ಯಾಪ್‌ಟಾಪ್ ಇಡಿಸಿದರು.

ಸೊಸೆಯ ಹೆಸರು ಅರ್ಪಿತ. ಲ್ಯಾಪ್‌ಟಾಪ್ ಅವಳು ಕಾಲೇಜಿನಲ್ಲಿದ್ದಾಗ ಕೊಂಡದ್ದು. ಈಗ ಅದರಲ್ಲೇ ಊರಿನವರ ರೇಷನ್ ಕಾರ್ಡು, ಪಿಂಚಣಿ ಅರ್ಜಿ ಹಾಕಿಕೊಡುತ್ತಾಳೆ. ಸ್ವಿಚ್ ಒತ್ತಿದರೆ ಟೀ ಕುಡಿದು ಲೋಟ ತೊಳೆದಿಡುವವರೆಗೂ ಅದು ಕಣ್ಣು ಬಿಡುತ್ತಿರಲಿಲ್ಲ. ಸಿ ಡ್ರೈವ್ ಪೂರ್ತಿ ಅಳಿಸಿ ಹೊಸದಾಗಿ ವಿಂಡೋಸ್ ಹಾಕಬೇಕು ಎಂದೆ.

"ಡಿಸ್ಕ್ ಹಾಕೋ ಜಾಗ ಕೆಟ್ಟೋಗದೆ ಅಣ್ಣ. ಬಟನ್ ಒತ್ತಿದ್ರೂ ಬಾಯೇ ಬಿಡಲ್ಲ" ಎಂದಳು ಅರ್ಪಿತ.

"ಈಗ ಯಾರಮ್ಮ ಡಿಸ್ಕ್ ಹಾಕ್ತಾರೆ? ಪೆನ್‌ಡ್ರೈವಲ್ಲೇ ಆಗ್ತದೆ" ಎಂದು ಅವಳ ಫೈಲುಗಳನ್ನೆಲ್ಲ ಡಿ ಡ್ರೈವಿಗೆ ಸಾಗಿಸತೊಡಗಿದೆ.

ಅದು ನಿಧಾನದ ಕೆಲಸ. ಅಷ್ಟರಲ್ಲಿ ಚಿಕ್ಕಬೋರಮ್ಮ ತಮ್ಮ ಇಡೀ ಬದುಕನ್ನೇ ನನ್ನ ಮುಂದೆ ಹರವಿದರು. ಗಂಡ ಬೇಗ ಹೋದರು. ಎರಡು ಹಸು ಕಟ್ಟಿಕೊಂಡು ಮಗ ದಿಲೀಪನನ್ನು ಐಟಿಐ ಓದಿಸಿದರು. ಡೈರಿಯಲ್ಲಿ ಹಾಲಿಗೆ ನೀರು ಬೆರೆಸಿದವರನ್ನು ಮುಖಕ್ಕೆ ಹೊಡೆದಂತೆ ಬೈಯುವವರು ಊರಿಗೆಲ್ಲ ಇವರೊಬ್ಬರೇ. ಮನೆಯಲ್ಲಿ ಕರೆಂಟಿನ ಸಾಮಾನು ಒಂದೂ ಪೂಜೆಯಿಲ್ಲದೆ ಇರುವಂತಿಲ್ಲ. ಮಿಕ್ಸಿಗೆ ಕುಂಕುಮ, ಬೋರಿನ ಸ್ವಿಚ್ಚಿಗೆ ಹೂವು. ಆಯುಧ ಪೂಜೆಯ ದಿನವಂತೂ ಅತ್ತೆಯ ಕಾಲದ ಲಕ್ಷ್ಮಿ ಕಾಸನ್ನು ಒಂದೊಂದರ ಮೇಲೂ ಇಟ್ಟು, ಆರತಿ ಎತ್ತಿ, ಅದೇ ಕಾಸನ್ನು ಮುಂದಿನದರ ಮೇಲೆ ಇಡುತ್ತಿದ್ದರು.

"ಇಡ್ತಿದ್ದೆ" ಎಂದು ತಿದ್ದಿದರು. "ಆ ಬಂಗಾರದ ಕಾಸು ಕಳ್ದೋಗಿ ಎರಡು ವರ್ಸಾಯ್ತು. ಗಂಜಾಂ ನಿಮಿಷಾಂಬಮ್ಮನಾದ್ರೂ ತೋರಿಸ್ಕೊಡ್ಲಿ ಅಂತ ಇವತ್ತು ಬಂದಿವಿ."

"ಯಾರು ತಗೊಂಡಿರಬಹುದು?" ನಾನು ಸುಮ್ಮನಿರಬೇಕಿತ್ತು, ಇರಲಿಲ್ಲ.

ಆಕೆ ಸೊಸೆಯ ಕಡೆ ನೋಡಿದರು. "ಪೂಜೆ ಮಾರನೇ ದಿನ ಬೆಳಿಗ್ಗೆನೇ ತೌರಿಗೆ ಹೊಂಟೋದ್ಲು. ಸಂಜೆ ನೋಡಿದ್ರೆ ಕಾಸಿಲ್ಲ. ನಾನು ಮುಚ್ಚುಮರೆ ಮಾಡೋಳಲ್ಲ ಸಾಬ್ರೆ. ಊರೋರ್ನ ಗುಡಿ ಮುಂದೆ ಸೇರಿಸಿ ಆಣೆ ಆಕಿಸ್ದೆ. ಉರಿಯೋ ಕರ್ಪೂರನ ಕೈಲಿ ಆರಿಸಿ ನಾನು ತಗಂಡಿಲ್ಲ ಅಂದ್ಲು. ನಾನೂ ಅಂದೆ, ತಗಂಡೋರ ಕೈ ಸೇದೋಗ್ಲಿ ಅಂತ."

ಅರ್ಪಿತ ಪರದೆಯನ್ನೇ ನೋಡುತ್ತಿದ್ದಳು. ಅವಳ ಅಂಗೈಯ ನಡುವೆ ಸುಟ್ಟ ಕಲೆ ಇತ್ತು. ನನಗೆ ಮೈ ಉರಿಯಿತು. ನನ್ನ ಅಮ್ಮಿ ಮೆಹಬೂಬ್ ಬೀ ನನ್ನ ಹೆಂಡತಿಯನ್ನು ಬೈಯುವುದೇನು ಕಡಿಮೆಯಲ್ಲ. ಆದರೂ ಮನೆಗೆ ಬಂದ ಹೆಣ್ಣಿನ ಕೈಯನ್ನು ಹತ್ತು ಜನರ ಮುಂದೆ ಸುಡಿಸುವುದೆಂದರೇನು? ಹೇಳುವ ಅಧಿಕಾರ ನನಗಿರಲಿಲ್ಲ. ಕೆಲಸ ಮುಗಿಸಿ ಕಳಿಸಿದರೆ ಸಾಕಾಗಿತ್ತು.

ಫೈಲುಗಳು ಹೋದ ಮೇಲೆ ಲ್ಯಾಪ್‌ಟಾಪ್ ಎತ್ತಿದೆ. ಒಳಗೆ ಏನೋ ಕಟಕಟ ಅಂದಿತು. ಬಿಚ್ಚಿಕೊಂಡ ಸ್ಕ್ರೂ ಬೋರ್ಡಿಗೆ ತಾಗಿದರೆ ಸುಟ್ಟುಹೋಗುತ್ತದೆ ಎಂದು ಅದನ್ನು ಬೋರಲು ಹಾಕಿ ನೋಡಿದರೆ, ಸದ್ದು ಡಿಸ್ಕ್ ಡ್ರೈವಿನಿಂದ. ಹೇಗೂ ಸತ್ತದ್ದು. ಅದರ ಸ್ಕ್ರೂ ತೆಗೆದು ಇಡೀ ಡ್ರೈವನ್ನೇ ಎಳೆದು ಪಕ್ಕಕ್ಕಿಟ್ಟೆ. ಪೆನ್‌ಡ್ರೈವ್ ಚುಚ್ಚಿ, ಸಿ ಡ್ರೈವ್ ಅಳಿಸಿ, ವಿಂಡೋಸ್ ಏರಲು ಬಿಟ್ಟೆ.

ಕೈ ಖಾಲಿಯಾಯಿತು. ಡ್ರೈವಿನ ಮುಂದೆ ಪಿನ್ನು ಚುಚ್ಚುವ ಸಣ್ಣ ತೂತಿರುತ್ತದೆ. ಚುಚ್ಚಿದರೆ ತಟ್ಟೆ ಸಡಿಲವಾಗಿ ಹೊರಗೆ ಬರುತ್ತದೆ. ಇದು ಅರ್ಧಕ್ಕೆ ಸಿಕ್ಕಿಕೊಂಡಿತು. ಬಲವಾಗಿ ಎಳೆದೆ.

ತಟ್ಟೆಯ ತುಂಬ ಒಣಗಿದ ವೀಳ್ಯದೆಲೆಯ ಪುಡಿ, ಅಕ್ಷತೆ, ಚೆಂಡುಹೂವಿನ ಎಸಳು.

"ಇದೇನವ್ವ, ಮಿಷಿನ್ನಿಗೆ ಊಟ ಬಡಿಸಿದ್ದೀರಾ?" ಎಂದು ಗೊಣಗುತ್ತ ಊದಿದೆ. ಎಲೆಯ ಪುಡಿ ಹಾರಿತು. ಅಡಿಯಲ್ಲಿ ತೆಳ್ಳನೆಯ ಬಂಗಾರದ ಕಾಸು ಬಿದ್ದಿತ್ತು.

ಯಾ ಅಲ್ಲಾ. ನನ್ನ ಕೈಯಲ್ಲಿದ್ದ ಪಿನ್ನು ಜಾರಿ ಬಿತ್ತು. ಅರ್ಪಿತ ಎದ್ದು ನಿಂತಳು. ಚಿಕ್ಕಬೋರಮ್ಮನವರ ಬಾಯಿ ತೆರೆದದ್ದು ತೆರೆದೇ ಇತ್ತು. ಪರದೆಯ ಮೇಲೆ ಮಾತ್ರ ಶೇಕಡಾ ಲೆಕ್ಕ ಏರುತ್ತಲೇ ಇತ್ತು.

"ಅವತ್ತು ಕೊನೇ ಪೂಜೆ ಇದುಕ್ಕೇಯ. ಇದ್ರಲ್ಲಿ ದೇವರ ಪದ ಆಕಿದ್ದ ದಿಲೀಪ" ಎಂದರು ಆಕೆ ಕೊನೆಗೆ. ಧ್ವನಿ ಅವರದಲ್ಲ ಅನ್ನುವಂತಿತ್ತು. "ಒರೆಸ್ತಿದ್ದೆ. ಪಕ್ಕದಲ್ಲಿ ಏನೋ ಒತ್ಕಂತು, ಇದು ಬಾಯ್ ಬುಡ್ತು. ಎಲೆ ಕೇಳ್ತದೆ ಅಂದ್ಕಂಡು ಮಡಗ್ದೆ. ಕಾಸು ಮಡಗಿ ಆರತಿ ಎತ್ತಿ, ಎಲೆ ಅದ್ರ ಪಾಲಿಗಿರ್ಲಿ ಅಂತ ಒಳಕ್ಕೆ ತಳ್ದೆ. ಕಾಸು ತಗಂಡಿವ್ನಿ ಅಂತಲೇ ತಿಳ್ದಿದ್ದೆ ಕಣೆ ಅರ್ಪಿತ. ಆಣೆಗೂ."

ಆಣೆ ಎಂದವರು ತಮ್ಮ ಬಲಗೈಯನ್ನು ತಾವೇ ನೋಡಿಕೊಂಡರು. ಶಾಪ ಯಾರಿಗೆ ಹಾಕಿದ್ದೆಂದು ಆಗ ಗೊತ್ತಾಗಿರಬೇಕು.

ಅರ್ಪಿತ ಅಳುತ್ತಾಳೆ, ಇಲ್ಲ ಕೂಗಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಮೆಲ್ಲಗೆ, "ಊರೋರು ಕಳ್ಳಿ ಅಂದಿದ್ದು ಇರ್ಲಿ ಅತ್ತೆ. ನಮ್ಮಪ್ಪನೂ ಕೇಳ್ಬುಟ್ರು. ತಗಂಡಿದ್ರೆ ನಂಗಾದ್ರೂ ನಿಜ ಏಳವ್ವ ಅಂದ್ರು" ಎಂದಳು.

ಅದು ಚಿಕ್ಕಬೋರಮ್ಮನವರಿಗೆ ಗೊತ್ತಿರಲಿಲ್ಲ. ಕಾಸು ಕಂಡಾಗಲೂ ಬಾರದ ನೀರು ಈಗ ಅವರ ಕಣ್ಣಿಗೆ ಬಂತು.

ನಾನಾಗಿದ್ದರೆ ಕಾಸನ್ನು ಸೆರಗಿಗೆ ಕಟ್ಟಿಕೊಂಡು, ನಿಮಿಷಾಂಬ ಕೊಟ್ಟಳು ಎಂದು ಊರಲ್ಲಿ ಹೇಳಿ ಮಾನ ಉಳಿಸಿಕೊಳ್ಳುತ್ತಿದ್ದೆ. ಆಕೆ ಮುಖ ಒರೆಸಿಕೊಂಡು ಹೇಳಿದ್ದೇ ಬೇರೆ.

"ಅದ್ನ ಎಲ್ಲಿತ್ತೋ ಅಲ್ಲೇ ಮಡಗಿ ಮುಚ್ಚಪ್ಪ. ಇವಳ ಅಪ್ಪನ ಕಣ್ಣ ಮುಂದೆ ಬಿಚ್ಬೇಕು. ಆಮೇಲೆ ನಮ್ಮೂರ ಗುಡಿ ಮುಂದೆ. ನಾನೇ ಬಾಯಲ್ಲಿ ಏಳಿದ್ರೆ ಸೊಸೆ ಮಾನ ಮುಚ್ಚಕ್ಕೆ ಮುದುಕಿ ಕತೆ ಕಟ್ಟವ್ಳೆ ಅಂತಾರೆ. ನೀನೂ ಬಾ."

ವಿಂಡೋಸ್ ಏರಿದ ಮೇಲೆ ಡ್ರೈವನ್ನು ಇದ್ದ ಜಾಗಕ್ಕೇ ಕೂರಿಸಿದೆ. ಅಂಗಡಿ ಮುಚ್ಚಿ, ಭಾವನ ವ್ಯಾನಿನಲ್ಲಿ ಇಬ್ಬರನ್ನೂ ಕೂರಿಸಿಕೊಂಡು ಪಾಂಡವಪುರ ದಾಟಿದೆ.

ಅರ್ಪಿತಳ ಅಪ್ಪ ದೇವರಾಜು ಸಂತೆಬಾಚಹಳ್ಳಿಯಲ್ಲಿ ಹಗ್ಗ, ಮೂಗುದಾರ ಮಾರುವವರು. ಜಗಲಿಯಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದರು. ಬೀಗಿತ್ತಿಯನ್ನು ಕಂಡು ಗಾಬರಿಯಿಂದ ಎದ್ದರು. ಚಿಕ್ಕಬೋರಮ್ಮ ಕೂರಲಿಲ್ಲ. "ಬಿಚ್ಚಪ್ಪ" ಎಂದರು ನನಗೆ.

ಬಿಚ್ಚಿದೆ. ಉಳಿದಿದ್ದ ಎಲೆಯ ಪುಡಿಯ ನಡುವೆ ಕಾಸು ಕಂಡಿತು.

"ಬೀಗ್ರೇ, ನೀವು ನೋಡ್ಬೇಕಾದ ಕಳ್ಳಿ ಇಲ್ಲಿ ನಿಂತವ್ಳೆ. ನಾನೇ ಮಡಗಿ, ನಾನೇ ಮರ್ತು, ನಿಮ್ಮ ಮಗಳ ಕೈ ಸುಡಿಸ್ದೆ. ಏನನ್ನಬೇಕೋ ಅನ್ನಿ" ಎಂದು ಆಕೆ ಕೈ ಮುಗಿದರು.

ದೇವರಾಜು ಕಾಸು ಮುಟ್ಟಲಿಲ್ಲ. "ನೀವು ಒರಗಿನೋರು ಕಣವ್ವ, ಅನುಮಾನ ಪಟ್ರಿ. ನಾನು ಹೆತ್ತಪ್ಪ. ಕೈ ಸುಟ್ಕಂಡು ಬಂದ ಮಗಳ್ನ ಕೂರಿಸ್ಕಂಡು, ಬಾಗ್ಲು ಆಕಿ, ನಾನೂ ಕೇಳ್ಬುಟ್ನಲ್ಲ" ಎಂದು ಮಗಳ ಕಡೆ ಕೈ ಚಾಚಿದರು.

ಅರ್ಪಿತ ಆ ಕೈ ಹಿಡಿಯಲಿಲ್ಲ. "ಟೀ ಮಡಗ್ತೀನಿ ಇರಪ್ಪ" ಎಂದು ಒಳಗೆ ಹೋದಳು.

ನಾವು ಕಾದೆವು. ಒಲೆ ಹಚ್ಚಿದ ಸದ್ದಾಗಲಿ, ಪಾತ್ರೆಯ ಸದ್ದಾಗಲಿ ಬರಲಿಲ್ಲ. ಆಮೇಲೆ ಅವಳು ಅಳುವುದು ಕೇಳಿಸಿತು, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ದಳೋ ಎನ್ನುವಷ್ಟು ಜೋರಾಗಿ. ಚಿಕ್ಕಬೋರಮ್ಮ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದರು. ದೇವರಾಜು ಜಗಲಿಯಿಂದ ಏಳಲಿಲ್ಲ. ಒಳಗೆ ಹೋಗಲು ಅವರಿಗೆ ಮುಖವಿರಲಿಲ್ಲ.